ಅಂಟು ಕೊಳ್ಳುವ ಮೊದಲು ಟಾರ್ಚು ಕೊಳ್ಳಿ

ಅಮೆರಿಕದ ನ್ಯೂಜೆರ್ಸಿ ಕರಾವಳಿಯ ಬ್ಲೂಫಿಶ್ ಮೀನಿಗೆ ಹಲ್ಲು ಬಲು ಹರಿತ. ಕೊಕ್ಕೆಗೆ ಕೂದಲು, ಗರಿ ಸುತ್ತಿ ತಾಳ್ಮೆಯಿಂದ ಕಟ್ಟಿದ ಹುಸಿಮೀನು ಅದರ ಬಾಯಿಗೆ ಒಮ್ಮೆ ಸಿಕ್ಕರೆ ಮುಗಿಯಿತು, ಚಿಂದಿ. 1970ರ ದಶಕದಲ್ಲಿ ಅಲ್ಲಿನ ಬಾಬ್ ಪೊಪೊವಿಕ್ಸ್ ಇದಕ್ಕೊಂದು ಉಪಾಯ ಹೂಡಿದರು. ಕೊಕ್ಕೆಯ ಮುಂಭಾಗಕ್ಕೆ ಎಪಾಕ್ಸಿ ಅಂಟು ಬಳಿದು ಗಟ್ಟಿಮಾಡಿದರು. ಹಲ್ಲು ಜಾರಿತು, ಹುಸಿಮೀನು ಉಳಿಯಿತು. ಮೇಲಾಗಿ ಪಾರದರ್ಶಕ ಅಂಟಿನೊಳಗೆ ಕಾಣುವ ಕೂದಲು ಥೇಟ್ ಮರಿಮೀನಿನ ಮೈ! ‘ಸರ್ಫ್ ಕ್ಯಾಂಡಿ’ ಎಂಬ ಆ ಮಾದರಿಯನ್ನು ಈಗಲೂ ಕಟ್ಟುತ್ತಾರೆ.

ಆದರೆ ಎಪಾಕ್ಸಿಯ ಸಹವಾಸ ಸುಲಭದ್ದಲ್ಲ. ಎರಡು ಟ್ಯೂಬುಗಳಿಂದ ಸಮಸಮ ಹಿಂಡಿ ಕಲಸಬೇಕು. ಕಲಸಿದ ಐದು ನಿಮಿಷಕ್ಕೆ ಅದು ಗಟ್ಟಿಯಾಗತೊಡಗುತ್ತದೆ. ಅಷ್ಟರಲ್ಲಿ ಬಳಿದು ಮುಗಿಸಬೇಕು. ಬಳಿದದ್ದು ಒಂದೇ ಕಡೆ ಇಳಿದು ಗಡ್ಡೆಕಟ್ಟದಂತೆ ಮೋಟಾರಿನ ಚಕ್ರಕ್ಕೆ ಸಿಕ್ಕಿಸಿ ತಿರುಗಿಸುತ್ತಿರಬೇಕು. ಇಷ್ಟೆಲ್ಲ ಮಾಡಿದರೂ ಕಾಲ ಕಳೆದಂತೆ ಹಳದಿಗೆ ತಿರುಗುತ್ತದೆ. ಇಂಥ ಹುಸಿಮೀನುಗಳನ್ನು, ಅಂದರೆ ‘ಫ್ಲೈ’ಗಳನ್ನು ಕಟ್ಟುವವರ ಮೇಜಿನಿಂದ ಎಪಾಕ್ಸಿಯನ್ನು ಬಹುಮಟ್ಟಿಗೆ ಓಡಿಸಿದ್ದು ಯುವಿ ರೆಸಿನ್, ಅಂದರೆ ನೇರಳಾತೀತ ಬೆಳಕಿಗೆ ಗಟ್ಟಿಯಾಗುವ ಅಂಟು. ನಾವು ಬೆಳಕು ಬಿಡುವ ತನಕ ಅದು ದ್ರವವಾಗಿಯೇ ಕಾಯುತ್ತದೆ, ಬಿಟ್ಟ ಕೆಲವೇ ಸೆಕೆಂಡಿಗೆ ಗಟ್ಟಿ.

ಹಲ್ಲಿನ ಡಾಕ್ಟರು ಹುಳುಕಿಗೆ ಮೆತ್ತಿದ ಸಿಮೆಂಟಿನ ಮೇಲೆ ನೀಲಿ ಬೆಳಕು ಹಿಡಿಯುವುದನ್ನು ನೋಡಿದವರಿಗೆ ಇದು ಹೊಸದಲ್ಲ. ದಂತವೈದ್ಯರು 1970ರ ದಶಕದಲ್ಲೇ ನೇರಳಾತೀತ ಬೆಳಕಿಗೆ ಗಟ್ಟಿಯಾಗುವ ಸಿಮೆಂಟು ಬಳಸಿದರು, ಆಮೇಲೆ ನೀಲಿ ಬೆಳಕಿಗೆ ಬದಲಾದರು. ಬ್ಯೂಟಿ ಪಾರ್ಲರಿನ ಜೆಲ್ ನೇಲ್ ಪಾಲಿಶ್ ಕೂಡ ಇದೇ ಕುಟುಂಬದ್ದು. ಫ್ಲೈ ಕಟ್ಟುವವರು ಬಳಸುವ ಸೋಲಾರೆಜ್ ಮೊದಲು ಹೆಸರು ಮಾಡಿದ್ದು ಸಮುದ್ರದ ಅಲೆಯ ಮೇಲೆ ಜಾರುವ ಸರ್ಫ್‌ಬೋರ್ಡಿನ ಬಿರುಕು ಮುಚ್ಚುವುದರಲ್ಲಿ.

ಎಲ್ಲದರ ಒಳಗುಟ್ಟು ಹೆಚ್ಚುಕಡಿಮೆ ಒಂದೇ. ದ್ರವದಲ್ಲಿ ಅಕ್ರಿಲೇಟ್ ಅಣುಗಳಿರುತ್ತವೆ, ಜೊತೆಗೆ ಬೆಳಕನ್ನು ಹೀರಿ ಕಿಡಿ ಹೊತ್ತಿಸುವ ‘ಫೋಟೋಇನಿಶಿಯೇಟರ್’ ಒಂದಿಷ್ಟು. ಸರಿಯಾದ ತರಂಗಾಂತರದ ಬೆಳಕು ಬಿದ್ದರೆ ಅದು ಒಡೆದು, ಅಕ್ರಿಲೇಟ್ ಅಣುಗಳು ಒಂದಕ್ಕೊಂದು ಕೈಹಿಡಿದು ಸರಪಳಿಯಾಗುತ್ತವೆ. ಇಲ್ಲಿ ‘ಸರಿಯಾದ’ ಎಂಬುದೇ ಮುಖ್ಯ. ಅಂಗಡಿಯಲ್ಲಿ ಹತ್ತು ಬಗೆಯ ಬಾಟಲಿ ಎತ್ತಿ ಇಳಿಸಿ ನೋಡುವವರು ಟಾರ್ಚಿನ ವಿಷಯಕ್ಕೆ ಬಂದಾಗ ಸಿಕ್ಕಿದ್ದನ್ನು ಬುಟ್ಟಿಗೆ ಹಾಕಿಕೊಳ್ಳುತ್ತಾರೆ. ನನ್ನ ಪ್ರಕಾರ ಇದು ತಿರುಗುಮುರುಗು. ಮಧ್ಯಮ ದರ್ಜೆಯ ರೆಸಿನ್ನು ಒಳ್ಳೆಯ ಟಾರ್ಚಿಗೆ ಚೆನ್ನಾಗಿಯೇ ಗಟ್ಟಿಯಾಗುತ್ತದೆ. ದುಬಾರಿ ರೆಸಿನ್ನು ಕಳಪೆ ಟಾರ್ಚಿನ ಕೆಳಗೆ ಕೊನೆಯ ತನಕ ಅಂಟಂಟು.

ಟಾರ್ಚಿನ ಮೇಲೆ ಬರೀ ‘ಯುವಿ’ ಎಂದಿದ್ದರೆ ಸಾಲದು, ನ್ಯಾನೋಮೀಟರ್ ಸಂಖ್ಯೆ ಬೇಕು. ಫ್ಲೈ ಕಟ್ಟುವ ರೆಸಿನ್‌ಗಳು ಹೆಚ್ಚಾಗಿ 365ರಿಂದ 405ರ ನಡುವೆ ಕೆಲಸ ಮಾಡುತ್ತವೆ. ನಿಮ್ಮ ಬಾಟಲಿಯ ಲೇಬಲ್ ಯಾವ ಸಂಖ್ಯೆ ಹೇಳುತ್ತದೋ ಟಾರ್ಚು ಅದಕ್ಕೆ ಹೊಂದಬೇಕು. ಕಣ್ಣಿಗೆ ನೇರಳೆ ಹೆಚ್ಚು ಕಂಡರೆ ಶಕ್ತಿ ಹೆಚ್ಚು ಎಂದುಕೊಳ್ಳಬೇಡಿ. 365ರ ಬೆಳಕು ಕಣ್ಣಿಗೆ ಹೆಚ್ಚು ಕಾಣುವುದೇ ಇಲ್ಲ. ಹಾಗಂತ ಅದನ್ನು ನೇರ ನೋಡಲೂ ಬಾರದು. ಖೋಟಾನೋಟು ನೋಡಲು ಮಾರುವ ಕೀಚೈನ್ ದೀಪಗಳಿಂದ ನೋಟು ನೋಡಬಹುದು, ಅಷ್ಟೇ. ಇನ್ನು ಬ್ಯಾಟರಿ ಇಳಿದ ಟಾರ್ಚಿನಿಂದಾದ ಜಿಗುಟಿಗೆ ರೆಸಿನ್ ಕಂಪನಿಯನ್ನು ಬೈಯುವವರಿಗೇನೂ ಕಡಿಮೆಯಿಲ್ಲ.

ಆ ಜಿಗುಟಿಗೆ ಇನ್ನೊಂದು ಕಾರಣವೂ ಇದೆ: ಗಾಳಿ. ಬೆಳಕು ಹೊತ್ತಿಸಿದ ಕಿಡಿಯನ್ನು ಮೇಲ್ಮೈಯಲ್ಲಿ ಆಮ್ಲಜನಕ ನಂದಿಸುತ್ತದೆ. ಒಳಗೆ ಕಲ್ಲಿನಷ್ಟು ಗಟ್ಟಿ, ಮೇಲೆ ಮಾತ್ರ ಅಂಟು. ಬಲವಾದ ಬೆಳಕನ್ನು ಹತ್ತಿರದಿಂದ ಹಿಡಿದರೆ ಇದು ಬಹಳ ಮಟ್ಟಿಗೆ ತಪ್ಪುತ್ತದೆ. ಉಳಿದದ್ದನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆಯಿಂದ ಒರೆಸಿದರಾಯಿತು.

ಬಾಟಲಿಯ ಆಯ್ಕೆಯಲ್ಲಿ ನೋಡಬೇಕಾದ್ದು ದಪ್ಪ–ತೆಳು, ಗಡಸು–ಮೆದು, ಇಷ್ಟೇ. ತೆಳುವಾದದ್ದು ದಾರದೊಳಗೆ ಇಳಿಯುತ್ತದೆ; ಚಿಕ್ಕ ಕೊಕ್ಕೆಗೆ, ತಲೆಯ ಗಂಟಿಗೆ ಅದು. ದಪ್ಪನೆಯದು ನಿಂತಲ್ಲೇ ನಿಲ್ಲುತ್ತದೆ. ಸರ್ಫ್ ಕ್ಯಾಂಡಿಯಂಥ ಉಬ್ಬುತಲೆಗೆ ಅದೇ ಸರಿ. ಬಾಗುವ ಮೈಗೆ ಮೆದು ರೆಸಿನ್ ಬೇಕು, ಗಡಸಾದದ್ದು ಬಿರುಕು ಬಿಡುತ್ತದೆ. ಮೊದಲ ಸಲ ಕೊಳ್ಳುವವರು ಮೂರು ಬಾಟಲಿಯ ಸೆಟ್ಟಿಗೆ ಮರುಳಾಗದೆ ತೆಳು ರೆಸಿನ್ ಒಂದನ್ನೇ ತರಲಿ. ಒಂದರ ಮೇಲೊಂದು ಪದರ ಹಾಕಿ ದಪ್ಪ ಮಾಡಬಹುದು, ದಪ್ಪನೆಯದನ್ನು ತೆಳು ಮಾಡುವುದು ಕಷ್ಟ.

ಕೈಚಳಕ ನೋಡಬೇಕಾದರೆ ಸ್ಪೇನಿನ ಪರ್ಡಿಗೋನ್ ಹಿಡಿಯಬೇಕು. ಸ್ಪರ್ಧೆಗಿಳಿಯುವ ಟ್ರೌಟ್ ಮೀನಿನ ಬೇಟೆಗಾರರ ಕೈಯಲ್ಲಿ ಬೆಳೆದ ಈ ಫ್ಲೈ ನೋಡಲು ಬರೀ ನುಣುಪು ಕಡ್ಡಿ. ತಲೆಗೆ ಟಂಗ್‌ಸ್ಟನ್ ಮಣಿ, ಬಾಲಕ್ಕೆ ಲಿಯೋನ್ ಪ್ರಾಂತ್ಯದ ಹುಂಜದ ಚುಕ್ಕೆಗರಿಯ ನಾಲ್ಕಾರು ಎಳೆ, ನಡುವೆ ಬಾಲದ ಕಡೆಗೆ ಸಣ್ಣಗಾಗುತ್ತ ಹೋಗುವ ದಾರದ ಮೈ. ಇದರ ಬಂಡವಾಳವೆಲ್ಲ ರೆಸಿನ್ನಿನ ನುಣುಪಿನಲ್ಲಿದೆ. ನೀರು ತಡೆಯುವ ರೋಮವಿಲ್ಲ, ಗರಿಯಿಲ್ಲ. ಹಾಗಾಗಿ ಹರಿವು ಎಳೆದೊಯ್ಯುವ ಮೊದಲೇ ತಳ ಸೇರುತ್ತದೆ.

ದಾರದ ಮೈ ಮುಗಿದ ಮೇಲೆ ಸೂಜಿಯ ತುದಿಗೆ ರೆಸಿನ್ನಿನ ಒಂದೇ ಹನಿ ತೆಗೆದುಕೊಳ್ಳಿ. ಮಣಿಯ ಹಿಂದೆ ಇಟ್ಟು ಬಾಲದ ಕಡೆಗೆ ಎಳೆಯಿರಿ. ಬಾಲದ ಎಳೆಗಳಿಗೆ ತಾಗುವ ಮೊದಲೇ ನಿಲ್ಲಿಸಿ. ತಾಗಿದರೆ ಅದು ಎಳೆಗಳ ನಡುವೆ ಹರಿದು ಬಾಲವೆಲ್ಲ ಒಂದೇ ಮುದ್ದೆ. ಈಗ ಟಾರ್ಚಿಗೆ ಕೈ ಹಾಕಬೇಡಿ. ಕೊಕ್ಕೆಯನ್ನು ನಿಧಾನವಾಗಿ ತಿರುಗಿಸುತ್ತಿರಿ. ಬಳಿದಾಗ ಉಬ್ಬುತಗ್ಗಾಗಿದ್ದ ರೆಸಿನ್ ತಾನಾಗಿ ಸಮನಾಗುವುದು ಕಣ್ಣಿಗೆ ಕಾಣುತ್ತದೆ: ದೀಪದ ಪ್ರತಿಬಿಂಬದ ಗೆರೆ ಮೊದಲು ಮುರಿಮುರಿಯಾಗಿದ್ದು, ಆಮೇಲೆ ಮಣಿಯಿಂದ ಬಾಲದವರೆಗೆ ನೇರವಾಗುತ್ತದೆ. ಬೆಳಕು ಬಿಡಲು ಅದೇ ಹೊತ್ತು. ಎಲ್ಲ ಬದಿಗೂ ಬೆಳಕು ಕೊಡಿ, ಕೊಕ್ಕೆಯ ಹೊಟ್ಟೆಯ ಕಡೆಗೂ. ಈ ಫ್ಲೈಯ ಬೆನ್ನ ಮೇಲೆ ಒಂದು ಕಪ್ಪು ಚುಕ್ಕೆಯೂ ಇರುತ್ತದೆ; ಅದನ್ನು ಹಸಿ ರೆಸಿನ್ ಮೇಲೆ ಇಡುವಂತಿಲ್ಲ. ಕಪ್ಪು ಬಣ್ಣ ಬೆಳಕನ್ನು ತಡೆಯುತ್ತದೆ, ಅದರ ಅಡಿಯದು ಹಸಿಯಾಗಿಯೇ ಉಳಿಯುತ್ತದೆ. ದೊಡ್ಡ ಹನಿಯನ್ನು ಒಂದೇ ಸಲಕ್ಕೆ ಗಟ್ಟಿಮಾಡಹೊರಟರೆ ಇನ್ನೊಂದು ತೊಂದರೆ: ಬಿಸಿಯಾಗಿ, ಕುಗ್ಗಿ, ಬಿರುಕು ಬಿಡಬಹುದು.

ಪಶ್ಚಿಮ ಘಟ್ಟಕ್ಕೂ ಈ ಕಸುಬಿಗೂ ಒಂದು ಹಳೆಯ ನಂಟಿದೆ, ಅಷ್ಟು ಹೆಮ್ಮೆಪಡುವಂಥದ್ದಲ್ಲ. ನಮ್ಮ ಬೂದು ಕಾಡುಕೋಳಿ ಹುಂಜದ ಕುತ್ತಿಗೆಯಲ್ಲಿ ಮೇಣದ ಹೊಳಪಿನ ಚುಕ್ಕೆಗಳಿರುವ ಗರಿಗಳಿವೆ. ಇಂಗ್ಲೆಂಡು, ಸ್ಕಾಟ್ಲೆಂಡಿನ ಸಾಲ್ಮನ್ ಫ್ಲೈಗಳ ಕೆನ್ನೆಗೆ ಅವೇ ಬೇಕಿದ್ದವು. ವಸಾಹತು ಕಾಲದಲ್ಲಿ ಹೇರಳವಾಗಿ ಹೋದವು. ಈಗ ಕಾನೂನು ಹಕ್ಕಿಯನ್ನು ಕಾಪಾಡುತ್ತಿದೆ, ಅಲ್ಲಿನವರು ಸಾಕಿದ ಹಕ್ಕಿಗಳ ಗರಿ ಬಳಸುತ್ತಾರೆ. ಆ ಚುಕ್ಕೆ ಸುಲಭವಾಗಿ ಸೀಳುತ್ತದೆ. ಸೀಳಿದ್ದನ್ನು ಹಿಂದಿನಿಂದ ತೆಳು ರೆಸಿನ್ ಸವರಿ ಕೂಡಿಸುವುದು ರೂಢಿ. ಒಂದು ಗರಿಯೂ ದಂಡವಾಗದಿರಲಿ ಎಂಬ ಜಿಪುಣತನ ಇಲ್ಲಿ ಒಳ್ಳೆಯದೇ.

ಒಂದು ವಿಷಯದಲ್ಲಿ ಮಾತ್ರ ಸಲಿಗೆ ಬೇಡ. ಗಟ್ಟಿಯಾಗದ ಅಕ್ರಿಲೇಟ್ ಚರ್ಮಕ್ಕೆ ಪದೇ ಪದೇ ತಾಗಿದರೆ ಅಲರ್ಜಿ ಹತ್ತಬಹುದು, ಹತ್ತಿದರೆ ಸಾಮಾನ್ಯವಾಗಿ ಬಿಡುವುದಿಲ್ಲ. ಮುಂದೆ ಹಲ್ಲಿನ ಚಿಕಿತ್ಸೆಗೂ ಅಡ್ಡಬರಬಹುದು. ಜೆಲ್ ನೇಲ್ ಪಾಲಿಶ್ ಕುರಿತು ಬ್ರಿಟನ್ನಿನ ಚರ್ಮವೈದ್ಯರ ಸಂಘ 2018ರಲ್ಲೇ ಎಚ್ಚರಿಸಿತ್ತು. ಅಲರ್ಜಿಯಲ್ಲದ ಬೇರೆ ಕಾರಣಕ್ಕಾಗಿ, ಟಿಪಿಒ ಎಂಬ ಫೋಟೋಇನಿಶಿಯೇಟರನ್ನು ಯುರೋಪ್ ಒಕ್ಕೂಟ 2025ರ ಸೆಪ್ಟೆಂಬರಿನಿಂದ ಸೌಂದರ್ಯವರ್ಧಕಗಳಲ್ಲಿ ನಿಷೇಧಿಸಿದೆ. ನೈಟ್ರೈಲ್ ಕೈಗವಸು ಹಾಕಿ, ಕಿಟಕಿ ತೆರೆದಿಡಿ. ಬಾಟಲಿಯನ್ನು ಮಾತ್ರ ಆ ಕಿಟಕಿಯಿಂದ ದೂರವಿಡಿ, ಹಗಲ ಬೆಳಕಿಗೆ ಮೂತಿಯೇ ಕಟ್ಟಿಕೊಳ್ಳುತ್ತದೆ. ಹಸಿ ರೆಸಿನ್ ಒರೆಸಿದ ಕಾಗದವನ್ನು ಹಾಗೇ ಕಸದ ಬುಟ್ಟಿಗೆ ಹಾಕದೆ ಒಂದಿಷ್ಟು ಹೊತ್ತು ಬಿಸಿಲಿಗೆ ಹರಡಿ, ಪೂರ್ತಿ ಗಟ್ಟಿಯಾದ ಮೇಲೆ ಎಸೆಯಿರಿ.