ಎದೆಯುರಿಯ ಮಾತ್ರೆಗೂ ಒಂದು ಹೊತ್ತಿದೆ

ತೆಂಗಿನ ಹಾಲಿನ ಕೋಳಿ ಗಸಿಯಲ್ಲಿ ನೆನೆದ ರೊಟ್ಟಿ, ಬಂಗುಡೆಯ ಪುಳಿಮುಂಚಿ. ಮಂಗಳೂರಿನ ಉರ್ವ, ಅಶೋಕನಗರ, ಕೊಟ್ಟಾರದ ಮನೆಗಳಲ್ಲಿ ಇಂಥ ಊಟ ರಾತ್ರಿ ಹತ್ತಕ್ಕೆ ಮುಗಿದು, ಕೂಡಲೇ ಹಾಸಿಗೆ ಸೇರಿದರೆ ನಡುರಾತ್ರಿ ಎದೆ ಉರಿಯುತ್ತದೆ, ಗಂಟಲಿಗೆ ಹುಳಿನೀರು ಬರುತ್ತದೆ. ಮರುದಿನ ಮೆಡಿಕಲ್‌ನಲ್ಲಿ ‘ಗ್ಯಾಸಿನ ಮಾತ್ರೆ’ ಕೇಳಿ ತಂದು, ತಿಂಡಿಯಾದ ಮೇಲೆ ನುಂಗುವವರೇ ಹೆಚ್ಚು. ಆ ಮಾತ್ರೆಯ ಶಕ್ತಿ ಒಂದಷ್ಟು ಅಲ್ಲೇ ಪೋಲಾಗುತ್ತದೆ.

ಜಠರದ ಒಳಪದರದ ಕೋಶಗಳಲ್ಲಿ ಆಮ್ಲ ಸುರಿಸುವ ಸೂಕ್ಷ್ಮ ಪಂಪ್‌ಗಳಿವೆ. 1988ರಲ್ಲಿ ಮಾರುಕಟ್ಟೆಗೆ ಬಂದ ಒಮೆಪ್ರಜೋಲ್, ಆಮೇಲಿನ ಪ್ಯಾಂಟೊಪ್ರಜೋಲ್, ರಾಬೆಪ್ರಜೋಲ್ ಎಂಬ ‘ಗ್ಯಾಸಿನ ಮಾತ್ರೆ’ಗಳು ಈ ಪಂಪ್‌ಗಳಿಗೇ ಅಂಟಿಕೊಂಡು ಅವನ್ನು ನಿಲ್ಲಿಸುತ್ತವೆ. ಆದರೆ ಕೆಲಸದಲ್ಲಿ ತೊಡಗಿರುವ ಪಂಪ್ ಮಾತ್ರ ಅವುಗಳ ಹಿಡಿತಕ್ಕೆ ಸಿಗುತ್ತದೆ. ರಾತ್ರಿಯಿಡೀ ಖಾಲಿಯಿದ್ದ ಹೊಟ್ಟೆಗೆ ಬೆಳಗಿನ ತಿಂಡಿ ಬಿದ್ದಾಗ ಪಂಪ್‌ಗಳು ಅತಿ ಹೆಚ್ಚು ಸಂಖ್ಯೆಯಲ್ಲಿ ಚುರುಕಾಗುತ್ತವೆ. ಔಷಧವೋ ರಕ್ತದಲ್ಲಿ ಕೆಲವೇ ಗಂಟೆ ಇರುತ್ತದೆ. ಎರಡೂ ಒಟ್ಟಿಗೆ ಕೂಡಿಬರಬೇಕಾದರೆ ತಿಂಡಿಗೆ 30ರಿಂದ 60 ನಿಮಿಷ ಮೊದಲು ಮಾತ್ರೆ ನುಂಗಬೇಕು. ಹಿಡಿತಕ್ಕೆ ಸಿಕ್ಕ ಪಂಪ್‌ಗೆ ಬದಲಾಗಿ ದೇಹ ಹೊಸದನ್ನು ಕಟ್ಟಬೇಕಾದ್ದರಿಂದ ಸಾಮಾನ್ಯವಾಗಿ ದಿನಕ್ಕೊಂದು ಸಾಕು. ಪೂರ್ತಿ ಫಲ ಕಾಣಲು ಕೆಲವು ದಿನ ಹಿಡಿಯುತ್ತದೆ. ಮೊದಲ ದಿನವೇ ‘ಇದು ತಾಗಲಿಲ್ಲ’ ಎಂದು ಬಿಡಬಾರದು. ತಕ್ಷಣದ ಉರಿಗೆ ಆಂಟಾಸಿಡ್ ದ್ರವ ಇದೆ, ಅದರ ಗುಣ ಸ್ವಲ್ಪ ಹೊತ್ತಿನದು.

ಈ ಮಾತ್ರೆಗಳನ್ನು ವೈದ್ಯರು ಸಾಮಾನ್ಯವಾಗಿ ಬರೆಯುವುದು 4ರಿಂದ 8 ವಾರಗಳಿಗೆ. ಚೀಟಿಯಿಲ್ಲದೆ ವರ್ಷಗಟ್ಟಲೆ ನುಂಗುವುದು ಸರಿಯಲ್ಲ: ಬಿ12, ಮೆಗ್ನೀಸಿಯಂ ಕುಗ್ಗಬಹುದು. ಬಹುಕಾಲ ತೆಗೆದುಕೊಂಡು ಒಮ್ಮೆಲೇ ನಿಲ್ಲಿಸಿದರೆ ಆಮ್ಲ ಮೊದಲಿಗಿಂತ ಜೋರಾಗಿ ಉಕ್ಕುವುದೂ ಉಂಟು. ನಿಲ್ಲಿಸುವುದನ್ನೂ ವೈದ್ಯರನ್ನು ಕೇಳಿಯೇ ಮಾಡಿ.

ಇನ್ನು ಊಟದ ವಿಚಾರ. ಮೀನು ಸಾರನ್ನೇ ಬಿಡಬೇಕೆಂದು ನಾನು ಹೇಳಲಾರೆ. ಯಾವುದು ಯಾರಿಗೆ ಆಗುವುದಿಲ್ಲ ಎಂಬುದು ಒಬ್ಬೊಬ್ಬರಿಗೆ ಒಂದೊಂದು. ಏನು ತಿಂದಿರಿ ಎಂಬಷ್ಟೇ ಮುಖ್ಯ ಎಷ್ಟು ಹೊತ್ತಿಗೆ, ಎಷ್ಟು ತಿಂದಿರಿ ಎಂಬುದು. ಅನ್ನನಾಳದ ತುದಿಯ ಬಿಗಿಸ್ನಾಯು, ಹೊಟ್ಟೆ ಉಬ್ಬಿದಾಗ ಪದೇಪದೇ ಸಡಿಲಗೊಳ್ಳುತ್ತದೆ. ಗಸಿಯ ಜಿಡ್ಡು ಜಠರ ಖಾಲಿಯಾಗುವುದನ್ನು ತಡಮಾಡುತ್ತದೆ. ಅಂಥ ಊಟ ಮಧ್ಯಾಹ್ನಕ್ಕಿರಲಿ. ರಾತ್ರಿ ಮಿತವಾಗಿ ಉಂಡು, ಮಲಗಲು ಮೂರು ಗಂಟೆಯಾದರೂ ಬಿಡಿ. ಮಂಚದ ತಲೆಭಾಗವನ್ನು ಆರೇಳು ಇಂಚು ಎತ್ತರಿಸಿ, ಎಡಮಗ್ಗುಲಾಗಿ ಮಲಗಿ; ಆಗ ಅನ್ನನಾಳದ ಬಾಯಿ ಆಮ್ಲದ ಮಟ್ಟಕ್ಕಿಂತ ಮೇಲಿರುತ್ತದೆ. ಸೊಂಟದ ಬೊಜ್ಜು ಇಳಿದರೆ, ಸಿಗರೇಟು ಬಿಟ್ಟರೆ ಇನ್ನಷ್ಟು ಹಗುರ.

ನುಂಗಲು ಕಷ್ಟವಾದರೆ, ತೂಕ ತಾನಾಗಿ ಇಳಿದರೆ, ಮಲ ಡಾಂಬರಿನಂತೆ ಕಪ್ಪಾದರೆ, ರಕ್ತ ವಾಂತಿಯಾದರೆ ತಡಮಾಡದೆ ವೈದ್ಯರ ಬಳಿ ಹೋಗಿ. ಎದೆನೋವಿನ ಜೊತೆ ಬೆವರು, ಉಬ್ಬಸ, ಎಡಗೈಗೋ ದವಡೆಗೋ ಹರಡುವ ನೋವು ಇದ್ದರೆ ‘ಗ್ಯಾಸ್’ ಎಂದು ಸೋಡಾ ಕುಡಿದು ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ.