ಪುಸ್ತಕ ಹುಡುಕುವ ವಿಜ್ಞಾನ: ಕಾರ್ಡಿನಿಂದ ಕಂಪ್ಯೂಟರಿಗೆ

ಮಕ್ಕಳೇ, ನಿಮ್ಮ ಶಾಲೆಯ ಕಪಾಟಿನಲ್ಲಿ ಇನ್ನೂರು ಪುಸ್ತಕಗಳಿದ್ದರೆ ಬೇಕಾದದ್ದನ್ನು ಕಣ್ಣಾಡಿಸಿಯೇ ಹುಡುಕಬಹುದು. ಲಕ್ಷಗಟ್ಟಲೆ ಪುಸ್ತಕಗಳಿದ್ದರೆ? ಶಿರಗುಪ್ಪಿಯಿಂದ ಹುಬ್ಬಳ್ಳಿ ದಾಟಿ ಧಾರವಾಡಕ್ಕೆ ಹೋದರೆ ಕರ್ನಾಟಕ ವಿಶ್ವವಿದ್ಯಾಲಯವಿದೆ. 1949ರಲ್ಲಿ ಸ್ಥಾಪನೆಯಾದ ಈ ವಿಶ್ವವಿದ್ಯಾಲಯದ ಗ್ರಂಥಾಲಯ ಅಷ್ಟು ದೊಡ್ಡದು. ಅಲ್ಲಿ ಒಂದು ಪುಸ್ತಕವನ್ನು ಹುಡುಕುವುದು ಹೇಗೆ?

ಪುಸ್ತಕಕ್ಕೂ ವಿಳಾಸ

ಮನೆಗೆ ವಿಳಾಸವಿರುವಂತೆ ಪುಸ್ತಕಕ್ಕೂ ವಿಳಾಸವಿದೆ. ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ವಿಷಯಗಳಿಗೆ ಸಂಖ್ಯೆಗಳನ್ನು ಕೊಟ್ಟರು. ಅವರ ಪದ್ಧತಿಯಲ್ಲಿ 500 ಎಂದರೆ ವಿಜ್ಞಾನ, 590 ಪ್ರಾಣಿಗಳು, 598 ಹಕ್ಕಿಗಳು. ಗಣಿತದ ಅಧ್ಯಾಪಕರಾಗಿದ್ದ ನಮ್ಮ ಎಸ್.ಆರ್. ರಂಗನಾಥನ್ 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. 1933ರಲ್ಲಿ ಅವರು ‘ಕೋಲನ್ ವರ್ಗೀಕರಣ’ ಎಂಬ ಹೊಸ ಪದ್ಧತಿಯನ್ನು ಪ್ರಕಟಿಸಿದರು.

ಕಾರ್ಡುಗಳ ಕಾಲ

ಈ ವಿಳಾಸವನ್ನು ಸುಮಾರು 12.5 ಸೆಂ.ಮೀ. ಉದ್ದ, 7.5 ಸೆಂ.ಮೀ. ಅಗಲದ ಕಾರ್ಡಿನಲ್ಲಿ ಬರೆಯುತ್ತಿದ್ದರು. ಒಂದೇ ಪುಸ್ತಕಕ್ಕೆ ಲೇಖಕರ ಹೆಸರಿನಲ್ಲಿ ಒಂದು, ಪುಸ್ತಕದ ಹೆಸರಿನಲ್ಲಿ ಒಂದು, ವಿಷಯದ ಹೆಸರಿನಲ್ಲಿ ಇನ್ನೊಂದು ಕಾರ್ಡು! ಅವನ್ನು ಅಕ್ಷರಕ್ರಮದಲ್ಲಿ ಜೋಡಿಸಿ, ಕೆಳಗಿನ ರಂಧ್ರದಲ್ಲಿ ಸರಳು ತೂರಿಸಿ ಡ್ರಾಯರಿನಲ್ಲಿ ಇಡುತ್ತಿದ್ದರು. ಒಂದು ಕಾರ್ಡು ಸ್ಥಳ ತಪ್ಪಿದರೆ, ಪುಸ್ತಕ ಕಪಾಟಿನಲ್ಲಿದ್ದರೂ ಓದುಗನಿಗೆ ಸಿಗುತ್ತಿರಲಿಲ್ಲ.

ಕಂಪ್ಯೂಟರ್ ಬಂದಾಗ

ವಿಶ್ವವಿದ್ಯಾಲಯಗಳ ಗ್ರಂಥಾಲಯಗಳನ್ನು ಕಂಪ್ಯೂಟರ್ ಮೂಲಕ ಜೋಡಿಸಲು 1991ರಲ್ಲಿ ‘ಇನ್‌ಫ್ಲಿಬ್‌ನೆಟ್’ ಯೋಜನೆ ಆರಂಭವಾಯಿತು. ಇಪ್ಪತ್ತು ಮೂವತ್ತು ವರ್ಷ ಕಾರ್ಡು ಬರೆದ ಕೈಗಳು ಈಗ ಕೀಲಿಮಣೆ ಕಲಿಯಬೇಕಾಯಿತು. ಯಂತ್ರಕ್ಕೆ ಹಳೆಯ ಪುಸ್ತಕಗಳ ಪರಿಚಯವೇ ಇರಲಿಲ್ಲ. ಒಂದೊಂದರ ವಿವರವನ್ನೂ ಸೇರಿಸಿ, ಬಾರ್‌ಕೋಡ್ ಅಂಟಿಸಬೇಕಿತ್ತು.

ಕನ್ನಡ ಪುಸ್ತಕಗಳದ್ದು ಬೇರೆಯೇ ತೊಡಕು. ಕನ್ನಡ ಅಕ್ಷರ ಮೂಡದ ಯಂತ್ರಗಳಲ್ಲಿ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಬೇಕಿತ್ತು. ವಿಶೇಷ ಚಿಹ್ನೆಗಳಿಲ್ಲದೆ ಹಾಗೆ ಬರೆದರೆ ‘ಹಳ್ಳಿ’ಯೂ ‘ಹಲ್ಲಿ’ಯೂ ಒಂದೇ ಆಗಿಬಿಡುತ್ತವೆ! ಯಾವುದು ಊರು, ಯಾವುದು ಗೋಡೆಯ ಮೇಲಿನ ಪ್ರಾಣಿ ಎಂಬುದು ಪುಸ್ತಕ ಬಲ್ಲವರಿಗೆ ಮಾತ್ರ ಗೊತ್ತು. ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ‘ಯೂನಿಕೋಡ್’ ಬಳಕೆಗೆ ಬಂದ ಮೇಲೆ ಈ ತೊಡಕು ನೀಗಿತು.

ಬದಲಾಗದೆ ಉಳಿದದ್ದು

ಜಗತ್ತಿನ ಸಾವಿರಾರು ಗ್ರಂಥಾಲಯಗಳಿಗೆ ಕಾರ್ಡು ಮುದ್ರಿಸಿಕೊಡುತ್ತಿದ್ದ ಅಮೆರಿಕದ ‘ಓಸಿಎಲ್‌ಸಿ’ ಸಂಸ್ಥೆ 2015ರಲ್ಲಿ ಆ ಕೆಲಸ ನಿಲ್ಲಿಸಿತು. ಹಾಗಾದರೆ ಹಳೆಯ ಗ್ರಂಥಪಾಲಕರ ವಿದ್ಯೆ ವ್ಯರ್ಥವಾಯಿತೇ? ಇಲ್ಲ. ಕಾರ್ಡು ಸ್ಥಳ ತಪ್ಪಿದರೆ ಪುಸ್ತಕ ಸಿಗದಂತೆ, ಕಂಪ್ಯೂಟರಿನಲ್ಲಿ ಒಂದಕ್ಷರ ತಪ್ಪಿದರೂ ಸಿಗದೆ ಹೋಗಬಹುದು. ಪುಸ್ತಕ ಯಾವ ವಿಷಯಕ್ಕೆ ಸೇರಿದ್ದು, ಯಾರು ಅದನ್ನು ಹುಡುಕಿಕೊಂಡು ಬರುತ್ತಾರೆ ಎಂದು ಯೋಚಿಸಿ ವಿಳಾಸ ಬರೆಯುವ ಕೆಲಸ ಇಂದಿಗೂ ಬೇಕು. ಓದುಗರ ಸಮಯ ಉಳಿಯಬೇಕೆಂದು 1931ರಲ್ಲೇ ರಂಗನಾಥನ್ ನಿಯಮ ಮಾಡಿದ್ದರು. ಕಾರ್ಡು, ಕಂಪ್ಯೂಟರ್ ಎರಡೂ ಅದಕ್ಕೆ ಸಾಧನಗಳು, ಅಷ್ಟೇ.

ಮಾಡಿ ನೋಡಿ

ಶಾಲೆಯ 20 ಪುಸ್ತಕಗಳನ್ನು ಆರಿಸಿ. ರಟ್ಟಿನ ತುಂಡುಗಳಲ್ಲಿ ಪ್ರತಿಯೊಂದಕ್ಕೂ ಮೂರು ಕಾರ್ಡು ಬರೆದು, ಲೇಖಕ, ಹೆಸರು, ವಿಷಯ ಎಂದು ಮೂರು ಕಟ್ಟು ಮಾಡಿ ಅಕ್ಷರಕ್ರಮದಲ್ಲಿ ಜೋಡಿಸಿ. ಈಗ ಒಂದು ಪುಸ್ತಕವನ್ನು ಬೇರೆ ಕಪಾಟಿಗೆ ಸಾಗಿಸಿ. ಎಷ್ಟು ಕಾರ್ಡು ತಿದ್ದಬೇಕಾಯಿತು? ಕಂಪ್ಯೂಟರಿನಲ್ಲಾದರೆ ಎಷ್ಟು ಕಡೆ ತಿದ್ದಬೇಕು? ಗೆಳೆಯರೊಂದಿಗೆ ಚರ್ಚಿಸಿ.