ಗ್ರಾಮಾಫೋನು ರೆಕಾರ್ಡು: ಕೇಳುವುದೂ ಓದುವುದೂ

ಮುಂಬಯಿಯ ಚೋರ ಬಜಾರಿನಲ್ಲಿ ಹಳೆಯ ಗಡಿಯಾರ, ಕಂದೀಲು, ಹಿತ್ತಾಳೆಯ ಸಾಮಾನುಗಳ ನಡುವೆ ಗ್ರಾಮಾಫೋನು ರೆಕಾರ್ಡುಗಳ ರಾಶಿಯೂ ಕಾಣಸಿಗುತ್ತದೆ. ಅದರ ಮುಂದೆ ಕುಳಿತು, ಒಂದೊಂದನ್ನೇ ಎತ್ತಿ, ಬೆಳಕಿಗೆ ಹಿಡಿದು, ಹಿಂದುಮುಂದು ನೋಡುವ ಸಂಗ್ರಾಹಕರನ್ನು ವಿದ್ಯಾರ್ಥಿಗಳು ಕಂಡಿರಬಹುದು. ಬೇಕಾದ ಹಾಡು ಅಂಗೈಯ ಫೋನಿನಲ್ಲಿಯೇ ದೊರೆಯುವ ಈ ಕಾಲದಲ್ಲಿ ಇವರು ಈ ಭಾರವಾದ ತಟ್ಟೆಗಳನ್ನು ಏಕೆ ಕೊಳ್ಳುತ್ತಾರೆ? ಅವರು ರೆಕಾರ್ಡನ್ನು ಕೇಳುವುದರ ಜೊತೆಗೆ ಓದುತ್ತಾರೆ. ಆ ಓದುವ ಬಗೆಯನ್ನು ಇಲ್ಲಿ ತುಸು ವಿವರಿಸುತ್ತೇವೆ.

ನಮ್ಮ ದೇಶದ ಮೊದಮೊದಲಿನ ರೆಕಾರ್ಡುಗಳಿಗೆ ೧೯೦೨ರಲ್ಲಿ ಕಲಕತ್ತೆಯಲ್ಲಿ ಹಾಡಿದವರಲ್ಲಿ ಗೌಹರ್ ಜಾನ್ ಪ್ರಮುಖರು. ಹಾಡು ಮುಗಿದೊಡನೆ ಅವರು ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಅಂದಿನ ರೆಕಾರ್ಡುಗಳನ್ನು ಜರ್ಮನಿಯಲ್ಲಿ ಅಚ್ಚೊತ್ತುತ್ತಿದ್ದುದರಿಂದ, ಹಾಡಿದವರಾರೆಂದು ಅಲ್ಲಿಯವರಿಗೆ ತಿಳಿಯಬೇಕಾಗಿತ್ತು. ಹಾಡಿನೊಡನೆ ಹೆಸರೂ ಉಳಿಯಬೇಕೆಂಬ ಚಿಂತೆ ರೆಕಾರ್ಡಿನಷ್ಟೇ ಹಳೆಯದೆಂದು ಇದರಿಂದ ತಿಳಿಯುತ್ತದೆ.

ಆ ಕಾಲದ ರೆಕಾರ್ಡುಗಳಲ್ಲಿ ಅರಗು ಮುಖ್ಯ ಪದಾರ್ಥ. ಅವು ನಿಮಿಷಕ್ಕೆ ೭೮ ಸುತ್ತು ತಿರುಗುತ್ತಿದ್ದವು. ಹತ್ತು ಅಂಗುಲದ ತಟ್ಟೆಯ ಒಂದು ಬದಿಯಲ್ಲಿ ಸುಮಾರು ಮೂರು ನಿಮಿಷದ ಹಾಡಿಗೆ ಮಾತ್ರ ಸ್ಥಳ. ಗಂಟೆಗಟ್ಟಲೆ ಹಾಡಬಲ್ಲ ಗಾಯಕರು ರಾಗದ ಸಾರವನ್ನೆಲ್ಲ ಆ ಮೂರು ನಿಮಿಷಗಳಲ್ಲಿ ಅಡಕಗೊಳಿಸಬೇಕಾಗಿತ್ತು. ಹೊದಿಕೆಯೆಂದರೆ ನಡುವೆ ದುಂಡಗೆ ಕತ್ತರಿಸಿದ ಒರಟು ಕಾಗದದ ಚೀಲ. ಆ ಕಿಂಡಿಯಲ್ಲಿ ಕಾಣುವ ಚೀಟಿಯಲ್ಲಿ ಹಾಡಿದವರ ಹೆಸರು, ರಾಗ, ಕಂಪನಿಯ ಕ್ರಮಾಂಕ ಇವಿಷ್ಟೇ ಇರುತ್ತಿದ್ದವು.

ಈ ಚಿಕ್ಕ ಚೀಟಿ ಎಷ್ಟು ಹೇಳಬಲ್ಲುದೆಂಬುದಕ್ಕೆ ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರ ಉದಾಹರಣೆ ಸಾಕು. ೧೯೩೦ರ ದಶಕದಲ್ಲಿ ಅವರು ಎಚ್.ಎಂ.ವಿ. ಕಂಪನಿಗೆ ಹಾಡಿದ ರೆಕಾರ್ಡುಗಳ ಮೇಲೆ ಅಚ್ಚಾದ ಹೆಸರು 'ಗಾಂಧಾರಿ'. ಮುಂದೆ ಗಂಟಲಿನ ಶಸ್ತ್ರಚಿಕಿತ್ಸೆಯಾದ ಬಳಿಕ ಅವರ ದನಿ ಗಂಡುದನಿಯಂತೆ ಗಡುಸಾಯಿತು. ಲೋಕ ಅವರನ್ನು ಆ ದನಿಯಿಂದಲೇ ಗುರುತಿಸಿತು. ಎಳೆಯ ಪ್ರಾಯದ ತೆಳುವಾದ, ಏರುದನಿ ಉಳಿದಿರುವುದು ಆ ಹಳೆಯ ತಟ್ಟೆಗಳಲ್ಲಿ. ಗಾಂಧಾರಿಯೇ ಗಂಗೂಬಾಯಿಯೆಂದು ತಿಳಿಯದವನು ಆ ತಟ್ಟೆಯನ್ನು ಯಾರದೋ ಎಂದು ಬದಿಗಿಟ್ಟರೆ, ನಷ್ಟ ಕನ್ನಡಿಗರೆಲ್ಲರದು.

ನಿಮಿಷಕ್ಕೆ ಸುಮಾರು ೩೩ ಸುತ್ತು ತಿರುಗುವ ಲಾಂಗ್ ಪ್ಲೇ ರೆಕಾರ್ಡು ಅಮೆರಿಕೆಯಲ್ಲಿ ೧೯೪೮ರಲ್ಲಿ ಬಂದಿತು. ಒಂದು ಬದಿಯಲ್ಲಿ ಇಪ್ಪತ್ತು ನಿಮಿಷಕ್ಕೂ ಮಿಕ್ಕಿ ಹಾಡಲು ಅನುಕೂಲವಾಯಿತು. ಹನ್ನೆರಡು ಅಂಗುಲದ ಚಚ್ಚೌಕ ರಟ್ಟಿನ ಹೊದಿಕೆ ಚಿತ್ರಗಾರನಿಗೆ ಒಳ್ಳೆಯ ಹಲಗೆಯಾಯಿತು. ಹಿಂಬದಿಯಲ್ಲಿ ರಾಗದ ವಿವರಣೆಯೂ ತಬಲಾ, ಹಾರ್ಮೋನಿಯಂ ನುಡಿಸಿದವರ ಹೆಸರುಗಳೂ ಬರತೊಡಗಿದವು. ಹಿನ್ನೆಲೆಯಲ್ಲಿ ಕುಳಿತ ಎಷ್ಟೋ ಸಾಥಿದಾರರ ಹೆಸರು ನಮಗೆ ದೊರೆಯುವುದು ಅಲ್ಲಿಯೇ.

ಆದರೆ ಹೊದಿಕೆ ಯಾವಾಗಲೂ ದಿಟವನ್ನೇ ಹೇಳುತ್ತದೆಂದು ನಂಬಲಾಗದು. ಅಮೆರಿಕೆಯ ಕಪ್ಪು ಜನರು ತಮ್ಮ ಇಗರ್ಜಿಯ ಹಾಡುಗಾರಿಕೆಯಿಂದಲೂ ತಮ್ಮ ಬಾಳಿನ ನೋವುನಲಿವುಗಳಿಂದಲೂ ಬೆಳೆಸಿದ ಗಾನಪ್ರಕಾರಕ್ಕೆ 'ಸೋಲ್', ಎಂದರೆ ಆತ್ಮ, ಎಂದು ಹೆಸರು. ೧೯೬೬ರಲ್ಲಿ ಇಸ್ಲೀ ಬ್ರದರ್ಸ್ ಎಂಬ ಕಪ್ಪು ಸೋದರರ ರೆಕಾರ್ಡೊಂದನ್ನು ಡೆಟ್ರಾಯ್ಟ್ ನಗರದ ಮೋಟೌನ್ ಸಂಸ್ಥೆ ಹೊರತಂದಾಗ, ಹೊದಿಕೆಯ ಮೇಲೆ ಅಚ್ಚಾದದ್ದು ಕಡಲ ದಂಡೆಯ ಬಿಳಿಯ ಜೋಡಿಯೊಂದರ ಚಿತ್ರ! ಐದು ವರ್ಷಗಳ ಬಳಿಕ, ೧೯೭೧ರಲ್ಲಿ, ಅದೇ ಸಂಸ್ಥೆಯ ಬಳಗದಿಂದ ಮಾರ್ವಿನ್ ಗೇ ಅವರ 'ವಾಟ್ಸ್ ಗೋಯಿಂಗ್ ಆನ್' ಬಂದಿತು. ಅದರ ಹೊದಿಕೆಯ ತುಂಬ ಮಳೆಯಲ್ಲಿ ನೆನೆದ ಗಾಯಕನ ಮುಖವೇ ಇದೆ. ಸಂಗ್ರಾಹಕರು ಈ ಎರಡು ಹೊದಿಕೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಒಂದು ಜನಾಂಗದ ಚರಿತ್ರೆಯ ಪುಟವೇ ತೆರೆಯುತ್ತದೆ. ಯಾರ ಮುಖ, ಯಾರ ಹೆಸರು ಎಂಬ ಪ್ರಶ್ನೆ ಹುಬ್ಬಳ್ಳಿಗೂ ಡೆಟ್ರಾಯ್ಟಿಗೂ ಒಂದೇ.

ಇನ್ನು ರೆಕಾರ್ಡುಗಳ ಆರೈಕೆ. ಅರಗಿನ ತಟ್ಟೆ ಕೈಜಾರಿದರೆ ಗಾಜಿನಂತೆ ಒಡೆಯುತ್ತದೆ. ಅದನ್ನು ಸ್ಪಿರಿಟಿನಿಂದ ಒರೆಸಲೇಬಾರದು. ಅರಗು ಸ್ಪಿರಿಟಿನಲ್ಲಿ ಕರಗುತ್ತದೆ. ತಟ್ಟೆಗಳನ್ನು ಅಂಚಿನಲ್ಲಿ ಹಿಡಿಯಬೇಕು; ಒಂದರ ಮೇಲೊಂದು ಹೇರದೆ ಪುಸ್ತಕಗಳಂತೆ ನೆಟ್ಟಗೆ ನಿಲ್ಲಿಸಬೇಕು. ಮುಂಬಯಿಯ ಮಳೆಗಾಲದಲ್ಲಿ ರಟ್ಟಿಗೆ ಬೂಷ್ಟು ಹಿಡಿಯುವುದು ಸುಲಭವಾದ್ದರಿಂದ, ತೇವವಾದ ಗೋಡೆಯಿಂದ ದೂರವಿಡುವುದು ಲೇಸು.

ಕಾಳಾಘೋಡಾದ ಪ್ರಸಿದ್ಧ ರಿದಮ್ ಹೌಸ್ ಅಂಗಡಿ ೨೦೧೬ರಲ್ಲಿ ಮುಚ್ಚಿತು. ಹಳೆಯ ಚಾಳುಗಳನ್ನು ಕೆಡವಿ ಕುಟುಂಬಗಳು ಹೊಸ ಮನೆಗಳಿಗೆ ಹೋಗುವಾಗ ಅಟ್ಟದ ಮೇಲಿನ ಪೆಟ್ಟಿಗೆ ರದ್ದಿಯವನ ಪಾಲಾಗುವುದುಂಟು. ಮುಂಬಯಿಯಲ್ಲಿ ರೆಕಾರ್ಡು ಸಂಗ್ರಾಹಕರದೇ ಒಂದು ಸಂಘ ಸ್ಥಾಪನೆಯಾಗಿ, 'ದಿ ರೆಕಾರ್ಡ್ ನ್ಯೂಸ್' ಎಂಬ ಪತ್ರಿಕೆಯ ಮೂಲಕ ಇಂಥ ವಿವರಗಳನ್ನು ಕೂಡಿಹಾಕಿದೆ. ಆದರೆ ಮನೆಯೊಳಗಿನ ಪೆಟ್ಟಿಗೆಯನ್ನು ಮೊದಲು ತೆರೆಯಬೇಕಾದವರು ಮನೆಯವರೇ.

ಊರು ಬಿಟ್ಟು ಈ ನಗರಕ್ಕೆ ಬಂದ ನಮ್ಮ ಹಿರಿಯರಲ್ಲಿ ಕೆಲವರು ಊರಿನ ನೆನಪಿಗೆಂದು ರೆಕಾರ್ಡುಗಳನ್ನು ಕೊಂಡಿಟ್ಟಿರಬಹುದು. ವಿದ್ಯಾರ್ಥಿಗಳು ರಜೆಯಲ್ಲಿ ಅಜ್ಜ ಅಜ್ಜಿಯರನ್ನು ಕೇಳಿ ನೋಡಲಿ. ತಟ್ಟೆ ದೊರೆತರೆ ನುಡಿಸುವ ಯಂತ್ರ ಇಲ್ಲವೆಂದು ನಿರಾಶರಾಗಬೇಕಿಲ್ಲ. ಹಾಡಿದವರು, ಸಾಥಿದಾರರು, ರಾಗ, ಕಂಪನಿ, ಕ್ರಮಾಂಕ ಇವನ್ನು ಕಂಡಂತೆಯೇ ಒಂದು ವಹಿಯಲ್ಲಿ ಬರೆದಿಡಬೇಕು, ಹೆಸರನ್ನು ತಿದ್ದಬಾರದು. ಅಂಥ ವಹಿಯಲ್ಲಿ ಇನ್ನೊಬ್ಬ ಗಾಂಧಾರಿಯ ಹೆಸರು ದೊರೆತರೂ ದೊರೆತೀತು.